ನಿಲುವಂಗಿ ಕಳಚಿಟ್ಟ ವಕೀಲ

ಕೋರ್ಟು ಕಚೇರಿಗಳ ವಿಷಯದಲ್ಲಿ ಹಿರಿಯರದು ಒಂದೇ ತೀರ್ಮಾನ: ಗೆದ್ದವನು ಸೋತ, ಸೋತವನು ಸತ್ತ. ಜಮೀನಿನ ವ್ಯಾಜ್ಯದಲ್ಲಿ ಎರಡು ತಲೆಮಾರು ಕಳೆದು, ತೀರ್ಪು ಕೈಗೆ ಬರುವ ಹೊತ್ತಿಗೆ ಆ ಜಮೀನನ್ನೇ ವಕೀಲರ ಫೀಜಿಗೆಂದು ಮಾರಿಕೊಂಡ ಮನೆತನಗಳ ಕಥೆ ಕನ್ನಡನಾಡಿನ ಯಾವ ತಾಲ್ಲೂಕಿಗೆ ಹೋದರೂ ಕೇಳಸಿಗುತ್ತದೆ. ವಕೀಲನೆಂದರೆ ಕೋರ್ಟಿನ ಮೆಟ್ಟಿಲು ಹತ್ತಿಸುವವನು ಎಂಬ ಭಾವನೆ ಜನಮನದಲ್ಲಿ ಬೇರೂರಿರುವುದು ಸಹಜವೇ. ಆದರೆ ತನ್ನ ಕಕ್ಷಿಗಾರ ಆ ಮೆಟ್ಟಿಲನ್ನು ಎಂದೂ ಹತ್ತದಂತೆ ನೋಡಿಕೊಳ್ಳುವುದನ್ನೇ ನಿತ್ಯದ ಕಾಯಕವಾಗಿ ಉಳ್ಳ ವಕೀಲರ ವರ್ಗವೊಂದು ಕಳೆದ ಎರಡು ಮೂರು ದಶಕಗಳಲ್ಲಿ ಬೆಳೆದಿದೆ. ಇವರು ಕರಿ ಕೋಟು ತೊಡುವುದಿಲ್ಲ. ನ್ಯಾಯಾಧೀಶರ ಮುಂದೆ ನಿಲ್ಲುವುದಿಲ್ಲ. ಇವರ ಕಕ್ಷಿಗಾರನೂ ಒಬ್ಬನೇ. ತಿಂಗಳ ಕೊನೆಗೆ ಸಂಬಳ ಕೊಡುವ ಕಂಪನಿ.

ಚೆನ್ನೈ ನಗರದ ದಕ್ಷಿಣಕ್ಕೆ, ಹಳೆಯ ಮಹಾಬಲಿಪುರಂ ರಸ್ತೆಯಲ್ಲಿರುವ ಶೋಳಿಂಗನಲ್ಲೂರು ಇಂಥವರ ಒಂದು ನೆಲೆ. ಮೇಡವಾಕ್ಕಂ ಕಡೆಯಿಂದ ಬರುವ ದಾರಿಯೂ, ಬಕಿಂಗ್‌ಹ್ಯಾಮ್ ಕಾಲುವೆಯನ್ನು ದಾಟಿ ಅಕ್ಕರೈ ಕಡಲತೀರದತ್ತ ಸಾಗುವ ದಾರಿಯೂ ಇಲ್ಲಿ ಕೂಡುತ್ತವೆ. 2000ದಲ್ಲಿ ತರಮಣಿಯಲ್ಲಿ ಟೈಡಲ್ ಪಾರ್ಕ್ ತೆರೆದ ಮೇಲೆ ಈ ಹೆದ್ದಾರಿಯುದ್ದಕ್ಕೂ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಎದ್ದವು. ರಸ್ತೆಗೆ ರಾಜೀವ್ ಗಾಂಧಿ ಸಾಲೈ ಎಂಬ ಹೊಸ ಹೆಸರು ಬಂದಿತು. ಶೋಳಿಂಗನಲ್ಲೂರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ಆವರಣವಿದೆ. ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ ರೂಪಿಸಿದ ವಿಶೇಷ ಆರ್ಥಿಕ ವಲಯವಿದೆ. 2011ರಲ್ಲಿ ಊರು ಚೆನ್ನೈ ಮಹಾನಗರಪಾಲಿಕೆಗೆ ಸೇರಿತು. ಸಾವಿರಾರು ಗಣಕ ಎಂಜಿನಿಯರುಗಳ ನಡುವೆ ಕಾನೂನು ವಿಭಾಗವೆಂಬ ಸಣ್ಣ ಫಲಕ ತೂಗುಹಾಕಿದ ಕೊಠಡಿಗಳು ಇಲ್ಲಿಯ ದೊಡ್ಡ ಕಂಪನಿಗಳಲ್ಲಿ ಕಾಣಸಿಗುತ್ತವೆ.

ಕಾನೂನಿಗೂ ಈ ನಗರಕ್ಕೂ ಕನ್ನಡಿಗರಿಗೂ ಇರುವ ನಂಟು ಹಳೆಯದು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಅಲ್ಲಿಯ ತರುಣರು ವಕೀಲಿ ಓದಲು ಮದರಾಸಿಗೇ ಬರುತ್ತಿದ್ದರು. ಕಾರ್ಕಳ ಸೀಮೆಯ ಕೌಡೂರಿನ ಕೆ. ಎಸ್. ಹೆಗ್ಡೆಯವರು ಹೀಗೆ ಓದಿ, ಸರ್ಕಾರಿ ವಕೀಲರಾಗಿ, ಕೊನೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು; 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಏರಿಸಿದಾಗ ರಾಜೀನಾಮೆಯಿತ್ತು ಹೊರನಡೆದರು. ಆ ಪೀಳಿಗೆಗೆ ವಕೀಲಿಯೆಂದರೆ ಸ್ವತಂತ್ರ ವೃತ್ತಿ. ಯಾರ ಆಳೂ ಅಲ್ಲದಿರುವುದೇ ಅದರ ಗೌರವ. ಸಂಬಳದ ವಕೀಲನನ್ನು ಅವರು ಹೇಗೆ ಕಾಣುತ್ತಿದ್ದರೋ ಊಹಿಸುವುದು ಕಷ್ಟವಲ್ಲ.

ಕಾನೂನು ಕೂಡ ಅದೇ ಕಣ್ಣಿನಿಂದ ನೋಡುತ್ತದೆ. 1961ರ ವಕೀಲರ ಅಧಿನಿಯಮದ ಅಡಿಯಲ್ಲಿ ಭಾರತೀಯ ಬಾರ್ ಕೌನ್ಸಿಲ್ ಮಾಡಿದ ನಿಯಮಗಳಲ್ಲಿ 49ನೆಯದು ಸ್ಪಷ್ಟವಾಗಿದೆ: ವಕೀಲಿ ನಡೆಸುವವರೆಗೆ ಯಾರೂ ವ್ಯಕ್ತಿಯ, ಸರ್ಕಾರದ, ಸಂಸ್ಥೆಯ ಪೂರ್ಣಾವಧಿ ಸಂಬಳದ ನೌಕರರಾಗಿರಕೂಡದು; ನೌಕರಿಗೆ ಸೇರಿದರೆ ಆ ಸಂಗತಿಯನ್ನು ಪರಿಷತ್ತಿಗೆ ತಿಳಿಸಿ ವೃತ್ತಿಯನ್ನು ನಿಲ್ಲಿಸಬೇಕು. ಅಂದರೆ ಐದು ವರ್ಷ ಕಾನೂನು ಓದಿ, ಸನ್ನದು ಪಡೆದು, 2010ರ ನಂತರ ಜಾರಿಗೆ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ದಾಟಿದ ಯುವತಿಯೊಬ್ಬಳು ಶೋಳಿಂಗನಲ್ಲೂರಿನ ಕಂಪನಿಗೆ ಕಾನೂನು ಅಧಿಕಾರಿಯಾಗಿ ಸೇರಿದ ದಿನವೇ ವಕೀಲೆ ಎನ್ನಿಸಿಕೊಳ್ಳುವ ಹಕ್ಕನ್ನು ಬದಿಗಿಡಬೇಕು. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರು ಎರಡನ್ನೂ ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋದರು. 2001ರಲ್ಲಿ ಅವರಿಗೆ ಸೋಲಾಯಿತು. ಇದಕ್ಕೂ ಮುಂಚೆ, 1996ರಲ್ಲಿ, ಮುಂಬಯಿಯ ಶಸ್ತ್ರವೈದ್ಯರೊಬ್ಬರು ವೈದ್ಯಕೀಯವನ್ನು ಬಿಡದೆ ವಕೀಲರಾಗಲು ಬಯಸಿದಾಗಲೂ ಆ ನ್ಯಾಯಾಲಯ ಒಪ್ಪಿರಲಿಲ್ಲ. ವಕೀಲಿ ವೃತ್ತಿ ಮನುಷ್ಯನ ಪೂರ್ಣ ಗಮನವನ್ನು ಬೇಡುತ್ತದೆ ಎಂಬುದು ಅಂದಿನ ತೀರ್ಪಿನ ಹುರುಳು. ಆರೋಗ್ಯ ಲೇಖನಗಳಿಗಾಗಿ ಈ ಸಂಚಿಕೆಯನ್ನು ತೆರೆಯುವ ವೈದ್ಯಮಿತ್ರರಿಗೆ ಇದೊಂದು ಸ್ವಾರಸ್ಯದ ಸಂಗತಿಯಾದೀತು.

ಇಷ್ಟನ್ನು ತೆತ್ತು ಅವರು ಪಡೆಯುವ ಕೆಲಸವಾದರೂ ಎಂಥದು? ಕೋರ್ಟಿನ ವಕೀಲನನ್ನು ಶಸ್ತ್ರವೈದ್ಯನಿಗೆ ಹೋಲಿಸಿದರೆ ಇವರನ್ನು ರೋಗ ಬಾರದಂತೆ ನೋಡಿಕೊಳ್ಳುವ ಮನೆವೈದ್ಯನಿಗೆ ಹೋಲಿಸಬೇಕು. ಹೊಸದಾಗಿ ಸೇರಿದವರ ಕೈಗೆ ಮೊದಲು ಬರುವುದು ಗೋಪ್ಯತೆಯ ಕರಾರುಗಳು. ಎರಡು ಮೂರು ಹಾಳೆಯವು, ದಿನಕ್ಕೆ ಹತ್ತಾರು. ಅನಂತರ ಕಟ್ಟಡದ ಬಾಡಿಗೆ, ಕ್ಯಾಂಟೀನಿನವರ ಒಪ್ಪಂದ, ಬಸ್ಸಿನವರ ಒಪ್ಪಂದ. ಎರಡು ಮೂರು ವರ್ಷ ಪಳಗಿದ ಮೇಲೆ ವಿದೇಶದ ಗ್ರಾಹಕರೊಡನೆ ಮಾಡಿಕೊಳ್ಳುವ ಮುಖ್ಯ ಸೇವಾ ಕರಾರು. ಇದು ನೂರು ಪುಟ ಮೀರಿದರೂ ಆಶ್ಚರ್ಯವಿಲ್ಲ. ಇದರಲ್ಲಿ ಎಂಜಿನಿಯರುಗಳು ಓದುವುದು ಬೆಲೆ ಮತ್ತು ಗಡುವನ್ನು ಮಾತ್ರ. ವಕೀಲ ಓದುವುದು ಹೊಣೆಯ ಮಿತಿಯನ್ನು. ಹತ್ತು ಲಕ್ಷ ಡಾಲರಿನ ಕೆಲಸ ಒಪ್ಪಿಕೊಂಡು, ತಪ್ಪಾದರೆ ಗ್ರಾಹಕನಿಗೆ ಆಗುವ ಸಮಸ್ತ ನಷ್ಟವನ್ನೂ ತುಂಬಿಕೊಡುತ್ತೇವೆಂದು ಒಂದು ವಾಕ್ಯದಲ್ಲಿ ಬರೆದುಕೊಟ್ಟರೆ, ಆ ವಾಕ್ಯದ ಬೆಲೆ ಹತ್ತು ಕೋಟಿ ಡಾಲರೂ ಆಗಬಹುದು. ಮಾರಾಟ ವಿಭಾಗದವರಿಗೆ ಗ್ರಾಹಕ ಕೈತಪ್ಪೀತೆಂಬ ಆತುರ. ವಕೀಲನಿಗೆ ಆ ಒಂದು ವಾಕ್ಯದ ಭಯ. ಈ ಜಗ್ಗಾಟದಲ್ಲಿಯೇ ಅವನ ಆಯುಷ್ಯದ ದೊಡ್ಡ ಪಾಲು ಕಳೆಯುತ್ತದೆ.

ಈ ಭಯ ಕಾಲ್ಪನಿಕವಲ್ಲ ಎಂಬುದಕ್ಕೆ ಪ್ರಸಿದ್ಧ ಮೊಕದ್ದಮೆಯೊಂದು ಸಾಕ್ಷಿ. ಶೋಳಿಂಗನಲ್ಲೂರಿನಿಂದ ಇದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಸಿರುಸೇರಿಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆಯ ವಿಶಾಲ ಆವರಣ ಸಿಗುತ್ತದೆ. ಮೊಕದ್ದಮೆ ಈ ಸಂಸ್ಥೆಗೆ ಸೇರಿದ್ದು, ಆದರೆ ನಡೆದದ್ದು ದೂರದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಅಲ್ಲಿಯ ಎಪಿಕ್ ಸಿಸ್ಟಮ್ಸ್ ಎಂಬ ಕಂಪನಿ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳನ್ನು ಇಡುವ ತಂತ್ರಾಂಶವನ್ನು ತಯಾರಿಸುತ್ತದೆ. ಕೈಸರ್ ಪರ್ಮನೆಂಟೆ ಎಂಬ ಬೃಹತ್ ಆರೋಗ್ಯಸಂಸ್ಥೆ ಆ ತಂತ್ರಾಂಶವನ್ನು ಕೊಂಡಿತ್ತು. ಅದರ ನಿರ್ವಹಣೆಗೆ ನೆರವಾಗಲು ಟಿಸಿಎಸ್ ಅನ್ನು ಗೊತ್ತುಮಾಡಿಕೊಂಡಿತ್ತು. ಟಿಸಿಎಸ್‌ಗೆ ‘ಮೆಡ್ ಮಂತ್ರ’ ಎಂಬ ಸ್ವಂತದ ಆಸ್ಪತ್ರೆ ತಂತ್ರಾಂಶವೂ ಇತ್ತು. ಗಂಡಾಂತರ ಹುಟ್ಟಿದ್ದು ಇಲ್ಲಿಯೇ. ಎಪಿಕ್‌ನ ಗ್ರಾಹಕರಿಗಷ್ಟೇ ಮೀಸಲಾಗಿದ್ದ ದಾಖಲೆಗಳ ಜಾಲತಾಣಕ್ಕೆ ಟಿಸಿಎಸ್‌ನ ನೌಕರನೊಬ್ಬ ತಾನು ಕೈಸರ್‌ನ ನೌಕರನೆಂದು ಹೇಳಿಕೊಂಡು ಪ್ರವೇಶ ಪಡೆದ. ಆ ಗುರುತಿನ ಪದವನ್ನು ಇತರರೂ ಬಳಸಿದರು. ಆರು ಸಾವಿರಕ್ಕೂ ಹೆಚ್ಚು ಕಡತಗಳು ಇಳಿಸಿಕೊಳ್ಳಲ್ಪಟ್ಟವು. ಎರಡು ತಂತ್ರಾಂಶಗಳನ್ನು ಹೋಲಿಸಿ ಬರೆದ ಟಿಪ್ಪಣಿಯೊಂದು ಕೋರ್ಟಿನ ಮುಂದೆ ಬಂದಿತು. ಎಪಿಕ್ 2014ರಲ್ಲಿ ದಾವೆ ಹೂಡಿತು.

2016ರ ಏಪ್ರಿಲಿನಲ್ಲಿ ಅಲ್ಲಿಯ ಪಂಚರು 94 ಕೋಟಿ ಡಾಲರ್ ತೆರಬೇಕೆಂದು ಹೇಳಿದಾಗ ಇಡೀ ಉದ್ಯಮ ಬೆಚ್ಚಿತು. ಕೆಳಗಿನ ನ್ಯಾಯಾಲಯ ಅದನ್ನು 42 ಕೋಟಿಗೆ ಇಳಿಸಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ 14 ಕೋಟಿ ಡಾಲರ್ ಪರಿಹಾರವನ್ನು ಎತ್ತಿಹಿಡಿದು, ದಂಡರೂಪದ ಮೊತ್ತವೂ ಅಷ್ಟನ್ನು ಮೀರಕೂಡದೆಂದಿತು. 2023ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಂಪನಿಯ ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಆ ದಾಖಲೆಗಳಿಂದ ತನಗೆ ಯಾವ ಲಾಭವೂ ಆಗಿಲ್ಲವೆಂಬುದು ಕಂಪನಿಯ ವಾದವಾಗಿತ್ತು. ಅದೇನೇ ಇರಲಿ, ಯಾರು ಯಾರ ಗುರುತಿನ ಪದವನ್ನು ಬಳಸಬಹುದು ಎಂಬ ಒಂದು ಸಾಲು ಇಷ್ಟು ಭಾರವಾದೀತೆಂದು ಮೊದಲೇ ಕಂಡು, ಬೇಸರವಿಲ್ಲದೆ ಎಂಜಿನಿಯರುಗಳಿಗೆ ಪ್ರತಿವರ್ಷ ಪಾಠ ಹೇಳುವುದು ಇಂದು ಈ ಹೆದ್ದಾರಿಯ ಕಾನೂನು ವಿಭಾಗಗಳ ಕೆಲಸವಾಗಿದೆ. ಎಂಜಿನಿಯರುಗಳು ಆ ಪಾಠಕ್ಕೆ ಉತ್ಸಾಹದಿಂದ ಬರುತ್ತಾರೆಂದು ಯಾರೂ ಹೇಳಲಾರರು.

ಪ್ರಕೃತಿಯೂ ಕೆಲವೊಮ್ಮೆ ಕರಾರನ್ನು ಪರೀಕ್ಷಿಸುತ್ತದೆ. 2015ರ ಡಿಸೆಂಬರ್ ಮೊದಲ ವಾರದ ಮಹಾಮಳೆಯಲ್ಲಿ ಚೆನ್ನೈ ಮುಳುಗಿತು. ಶೋಳಿಂಗನಲ್ಲೂರಿನ ಬಗಲಿಗೇ ಪಳ್ಳಿಕರಣೈ ಜವುಗುಭೂಮಿ ಇರುವುದರಿಂದ ಈ ಭಾಗದ ಪಾಡು ಹೇಳತೀರದಾಯಿತು. ಕಂಪನಿಗಳು ಬಾಗಿಲು ಮುಚ್ಚಿದವು. ತುರ್ತು ಕೆಲಸದವರನ್ನು ಬೆಂಗಳೂರು ಮೊದಲಾದ ಊರುಗಳಿಗೆ ಸಾಗಿಸಿದವು. ಎಲ್ಲರೂ ದೋಣಿ, ಹಾಲು, ಮೊಂಬತ್ತಿಗಳ ಚಿಂತೆಯಲ್ಲಿದ್ದಾಗ ಕಾನೂನು ವಿಭಾಗದವರು ಕರಾರಿನ ಬೇರೊಂದು ಪುಟವನ್ನು ತೆರೆಯಬೇಕಾಯಿತು. ಮಾನವನ ಕೈಮೀರಿದ ವಿಪತ್ತು ಬಂದಾಗ ಹೊಣೆಯಿಂದ ಬಿಡುಗಡೆಯುಂಟೆಂದು ಕರಾರುಗಳಲ್ಲಿ ಬರೆದಿರುತ್ತದೆ. ಆದರೆ ವಿಪತ್ತು ಬಂದ ಸಂಗತಿಯನ್ನು ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಷರತ್ತೂ ಸಾಮಾನ್ಯವಾಗಿ ಅದಕ್ಕೆ ಅಂಟಿಕೊಂಡಿರುತ್ತದೆ. ದೂರವಾಣಿ ಸತ್ತ ನಗರದಿಂದ ನೋಟೀಸು ಕಳುಹಿಸುವುದು ಹೇಗೆ? ನಾಲ್ಕು ವರ್ಷಗಳ ಬಳಿಕ, 2020ರ ಮಾರ್ಚಿನಲ್ಲಿ ಕೋವಿಡ್ ದಿಗ್ಬಂಧನ ಬಂದಾಗ ಪ್ರಶ್ನೆ ತಿರುಗುಮುರುಗಾಯಿತು. ಬೀಗ ಹಾಕಿದ ಕೊಠಡಿಯಲ್ಲಿಯೇ ಕೆಲಸ ನಡೆಯತಕ್ಕದ್ದೆಂದು ಗ್ರಾಹಕರು ಬರೆಸಿಕೊಂಡಿದ್ದ ಕರಾರುಗಳನ್ನು ಕೆಲವೇ ದಿನಗಳಲ್ಲಿ ತಿದ್ದಿಸಿ, ನೌಕರರು ಮನೆಯಿಂದಲೇ ದುಡಿಯಲು ಅನುಮತಿ ತರಿಸಬೇಕಾಯಿತು.

ಈ ವೃತ್ತಿಯ ದಿಕ್ಕನ್ನು ಬದಲಿಸಿದ ಇನ್ನೊಬ್ಬ ಕನ್ನಡಿಗರನ್ನು ಇಲ್ಲಿ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಯೋಜನೆಯ ಶಿಲ್ಪಿ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ ಎಂಬುದು ಕಾಕತಾಳೀಯ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರ ಮುಂದುವರಿಕೆಯಾಗಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿವೆ. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ಯೂರೋಪಿನ ಕಾನೂನು 2018ರ ಮೇ ತಿಂಗಳಿಂದಲೇ ಜಾರಿಯಲ್ಲಿತ್ತು. ಕಡತ ಕಾಯುವವನೆಂದು ಒಂದು ಕಾಲಕ್ಕೆ ಉಪೇಕ್ಷೆಗೊಳಗಾಗಿದ್ದ ಕಂಪನಿ ವಕೀಲನಿಗೆ ಆಡಳಿತ ಮಂಡಳಿಯ ಕೊಠಡಿಯಲ್ಲಿ ಕುರ್ಚಿ ದೊರಕಿಸಿದ್ದರಲ್ಲಿ ಈ ಕಾನೂನುಗಳ ಪಾಲು ದೊಡ್ಡದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಕುರ್ಚಿ ದೊರೆತ ಮಾತ್ರಕ್ಕೆ ನಾಲಗೆಗೆ ಬಲ ಬರುವುದೇ? ಈ ವೃತ್ತಿಯ ನಿಜವಾದ ಕಷ್ಟ ಇರುವುದು ಇಲ್ಲಿ. ಹೊರಗಿನ ವಕೀಲ ಒಬ್ಬ ಕಕ್ಷಿಗಾರನಿಗೆ ‘ಇದು ಆಗದು’ ಎಂದರೆ ಹೆಚ್ಚೆಂದರೆ ಒಂದು ಕಡತ ಕಳೆದುಕೊಂಡಾನು. ಒಳಗಿನವನು ಅದೇ ಮಾತನ್ನು ಹೇಳಿದರೆ ಉಂಡ ಮನೆಯ ಜಂತೆ ಎಣಿಸಿದ ಎಂಬ ದೂರು ತಪ್ಪಿದ್ದಲ್ಲ. ಮನೆಸಾಲದ ಕಂತು, ಮಕ್ಕಳ ಶಾಲೆ, ಎಲ್ಲವೂ ಅದೇ ಸಂಬಳದ ಮೇಲೆ ನಿಂತಿರುತ್ತವೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರೇ ಏಳು ಸಾವಿರ ಕೋಟಿ ರೂಪಾಯಿಗಳ ಸುಳ್ಳು ಲೆಕ್ಕವನ್ನು ಒಪ್ಪಿಕೊಂಡು ಪತ್ರ ಬರೆದಾಗ, ಅರ್ಧ ಲಕ್ಷ ನೌಕರರ ಬದುಕು ಒಂದೇ ಬೆಳಗಿನಲ್ಲಿ ಅತಂತ್ರವಾಯಿತು. ಲೆಕ್ಕಪರಿಶೋಧಕರು, ನಿರ್ದೇಶಕರು, ಇಷ್ಟೊಂದು ಕಾವಲಿದ್ದೂ ಹೀಗಾಯಿತಲ್ಲ ಎಂದು ದೇಶವೇ ಕೇಳಿತು. ಒಳಗಿದ್ದು ‘ಬೇಡ’ ಎನ್ನುವವರಿಗೆ ಕಾನೂನು ಯಾವ ರಕ್ಷಣೆ ಕೊಟ್ಟಿದೆ ಎಂಬ ಪ್ರಶ್ನೆಯನ್ನು ಕೇಳಿದವರು ಮಾತ್ರ ವಿರಳ.

ವಕೀಲ ಮತ್ತು ಕಕ್ಷಿಗಾರರ ನಡುವಿನ ಮಾತು ಗುಟ್ಟಾಗಿರಬೇಕೆಂಬುದು ಹಳೆಯ ನ್ಯಾಯ. 1872ರ ಸಾಕ್ಷ್ಯ ಕಾಯಿದೆ ಬ್ಯಾರಿಸ್ಟರ್, ಅಟಾರ್ನಿ, ಪ್ಲೀಡರ್, ವಕೀಲ ಎಂದು ನಾಲ್ವರನ್ನು ಹೆಸರಿಸಿ ಅವರ ಬಾಯಿಗೆ ಬೀಗ ಹಾಕಿತ್ತು. ರೋಗಿ ವೈದ್ಯನಲ್ಲಿ ಹೇಗೋ ಹಾಗೆ, ಕಕ್ಷಿಗಾರ ವಕೀಲನಲ್ಲಿ ಮನಸ್ಸು ಬಿಚ್ಚದಿದ್ದರೆ ಸರಿಯಾದ ಮದ್ದು ಸಿಗಲಾರದು. ಸಂಬಳದ ಕಾನೂನು ಸಲಹೆಗಾರರಿಗೂ ಇದು ಅನ್ವಯಿಸುತ್ತದೆಂದು ಬೊಂಬಾಯಿ ಹೈಕೋರ್ಟು 1980ರ ದಶಕದ ಆರಂಭದಲ್ಲಿ ಹೇಳಿದ್ದುಂಟು. ಅಮೆರಿಕದಲ್ಲಿ ಕಂಪನಿಯೊಳಗಿನ ವಕೀಲನಿಗೂ ಈ ರಕ್ಷಣೆಯಿದೆ. ಯೂರೋಪಿನ ನ್ಯಾಯಾಲಯವಾದರೋ 2010ರಲ್ಲಿ, ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಸಂಬಳದ ವಕೀಲನ ಪತ್ರಕ್ಕೆ ಆ ರಕ್ಷಣೆಯಿಲ್ಲ ಎಂದಿತು. ಭಾರತದಲ್ಲಿ ಹಳೆಯ ಕಾಯಿದೆಯ ಜಾಗಕ್ಕೆ 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಅದರ 132ನೆಯ ಕಲಮನ್ನು ಅರ್ಥೈಸುತ್ತಾ, ಕೋರ್ಟುಗಳಲ್ಲಿ ವೃತ್ತಿ ನಡೆಸದ ಕಂಪನಿ ವಕೀಲರಿಗೆ ವಕೀಲರ ಈ ವಿಶೇಷ ಹಕ್ಕು ಇಲ್ಲವೆಂದು ತೀರ್ಮಾನಿಸಿತು. ಕಂಪನಿಯ ಪರವಾಗಿ ಹೊರಗಿನ ಕಾನೂನು ಸಲಹೆಗಾರನೊಡನೆ ನಡೆಸಿದ ಪತ್ರವ್ಯವಹಾರಕ್ಕೆ 134ನೆಯ ಕಲಮಿನ ಆಶ್ರಯವಿದೆ. ಧಣಿಗೂ ಒಳಗಿನ ವಕೀಲನಿಗೂ ನಡುವಿನ ಮಾತಿಗೆ ಅದೂ ಇಲ್ಲ. ನೌಕರಿಯಲ್ಲಿರುವವನು ಆರ್ಥಿಕವಾಗಿ ಧಣಿಗೆ ಅಧೀನ, ಆದ್ದರಿಂದ ಸ್ವತಂತ್ರ ವಕೀಲನಿಗೆ ಸಮನಲ್ಲ ಎಂಬ ವಿಚಾರ ಇದರ ಹಿನ್ನೆಲೆಯಲ್ಲಿದೆ.

ತರ್ಕಕ್ಕೆ ದೋಷವಿಲ್ಲ. ಆದರೆ ಪರಿಣಾಮ ವಿಚಿತ್ರವಾಗಿದೆ. ಧಣಿಗೆ ಎಚ್ಚರಿಕೆ ಹೇಳುವ ಪತ್ರವೇ ಮುಂದೊಂದು ದಿನ ಧಣಿಯ ವಿರುದ್ಧ ಸಾಕ್ಷಿಯಾದೀತೆಂದಾದರೆ, ಎಚ್ಚರಿಕೆಯನ್ನು ಕಾಗದದ ಮೇಲೆ ಹೇಳಲು ಯಾರು ಮುಂದೆ ಬಂದಾರು? ಸೂಕ್ಷ್ಮ ವಿಷಯಗಳನ್ನು ಹೊರಗಿನ ವಕೀಲರ ಮೂಲಕ ಬರೆಸುವುದು, ಉಳಿದುದನ್ನು ಬಾಯಿಮಾತಿನಲ್ಲಿ ಮುಗಿಸುವುದು, ಇವೇ ಸುಲಭದ ದಾರಿಗಳೆನ್ನಿಸುತ್ತವೆ. ಪ್ರಾಮಾಣಿಕನ ಲೇಖನಿಗೆ ಇದರಿಂದ ಬಲ ಬಂದಂತಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಪ್ರಕಟವಾದ ವಕೀಲರ ಅಧಿನಿಯಮದ ತಿದ್ದುಪಡಿಯ ಕರಡಿನಲ್ಲಿ ಕಂಪನಿಗಳಲ್ಲಿ ದುಡಿಯುವವರನ್ನೂ ಕಾನೂನು ವೃತ್ತಿಗರ ವ್ಯಾಖ್ಯೆಗೆ ಸೇರಿಸುವ ಆಲೋಚನೆಯಿತ್ತು. ಬೇರೆ ಬೇರೆ ಕಾರಣಗಳಿಗಾಗಿ ವಕೀಲರು ದೇಶದಾದ್ಯಂತ ಪ್ರತಿಭಟಿಸಿದ್ದರಿಂದ ಅದೇ ತಿಂಗಳಲ್ಲಿ ಸರ್ಕಾರ ಆ ಕರಡನ್ನು ಹಿಂತೆಗೆದುಕೊಂಡಿತು.

ಇನ್ನು ದೇಹದ ಮಾತು. ನ್ಯೂಯಾರ್ಕಿನಲ್ಲಿ ಬೇಸಿಗೆಯ ಬೆಳಿಗ್ಗೆ ಒಂಬತ್ತಾದಾಗ ಶೋಳಿಂಗನಲ್ಲೂರಿನಲ್ಲಿ ಸಂಜೆ ಆರೂವರೆ. ಕ್ಯಾಲಿಫೋರ್ನಿಯಾದವರು ಕಚೇರಿಗೆ ಬರುವಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಕರಾರಿನ ಚರ್ಚೆ ಆಗಲೇ ಶುರು. ತ್ರೈಮಾಸಿಕದ ಕೊನೆಯ ವಾರ ಬಂದರೆ ಸಹಿ ಬೀಳುವವರೆಗೆ ನಿದ್ರೆಯ ಮಾತಿಲ್ಲ. ಹಗಲು ಕುಳಿತು, ರಾತ್ರಿಯೂ ಕುಳಿತು, ಕತ್ತು ಸೊಂಟಗಳು ನಲವತ್ತಕ್ಕೇ ಅರವತ್ತರ ದೂರು ಹೇಳತೊಡಗುತ್ತವೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಒಟ್ಟಾಗಿ ಪ್ರಕಟಿಸಿದವು. ಅಮೆರಿಕದ ಹನ್ನೆರಡು ಸಾವಿರಕ್ಕೂ ಹೆಚ್ಚು ವಕೀಲರನ್ನು ಕುರಿತ 2016ರ ಅಧ್ಯಯನದಲ್ಲಿ ಐವರಲ್ಲೊಬ್ಬರು ಮದ್ಯದ ಹಿಡಿತಕ್ಕೆ ಸಿಲುಕುತ್ತಿದ್ದುದೂ, ಶೇಕಡಾ 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದುದೂ ಕಂಡುಬಂದಿತು. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ಮನಸ್ಸು ಮನೆಗೆ ಬಂದ ಮೇಲೂ ಆ ಅಭ್ಯಾಸವನ್ನು ಬಿಡದೆಂಬುದನ್ನು ಅವರ ಮನೆಯವರನ್ನು ಕೇಳಿ ತಿಳಿಯಬೇಕು.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶೋಳಿಂಗನಲ್ಲೂರಿನವರಿಗೆ ಸಮುದ್ರ ಎರಡು ಮೂರು ಕಿಲೋಮೀಟರಿನಲ್ಲಿದೆ. ರಾತ್ರಿಯ ಮಾತುಕತೆಯಿದ್ದ ಮರುದಿನ ಬೆಳಗಿನ ಸಭೆಯನ್ನು ಮುಂದೂಡುವುದು, ಫೋನಿನಲ್ಲಿ ಮಾತಾಡುವಾಗಲಾದರೂ ಎದ್ದು ಅಡ್ಡಾಡುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು, ಇವಕ್ಕೆ ಯಾವ ಕರಾರೂ ಅಡ್ಡಬಾರದು.

ಸಂಘದ ಸಮಾರಂಭಗಳಲ್ಲಿ ಇಂಥ ವಕೀಲರು ಸಿಕ್ಕಿದರೆ ಎಂಜಿನಿಯರುಗಳ ತಂದೆತಾಯಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹುಡುಗ ಬಾಂಡು ಬರೆದುಕೊಟ್ಟಿದ್ದಾನೆ, ಬಿಟ್ಟರೆ ಏನಾದೀತು? ಕೆಲಸ ಬಿಟ್ಟ ಮೇಲೆ ಬೇರೆಡೆ ಸೇರಕೂಡದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೆಯ ಕಲಮಿನಂತೆ ನಿಲ್ಲದು. ಆದರೆ ಇಂತಿಷ್ಟು ವರ್ಷ ಇರುತ್ತೇನೆ, ಇಲ್ಲವಾದರೆ ಇಷ್ಟು ಹಣ ಕೊಡುತ್ತೇನೆ ಎಂಬುದು ಬೇರೆ ಮಾತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷದ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ವಲಯದ ಬ್ಯಾಂಕು. ಮೊತ್ತ ಅಧಿಕಾರಿಯ ಸಂಬಳಕ್ಕೆ ಹೋಲಿಸಿದರೆ ವಿಪರೀತವಲ್ಲ. ಖಾಸಗಿ ಕಂಪನಿಯ ಬಾಂಡನ್ನು ಓದದೆ ಇದೇ ಉತ್ತರ ಹೇಳಲಾಗದು.

ಕಂಪನಿಯಲ್ಲಿ ಹದಿನೈದು ವರ್ಷ ಕಳೆದವರಿಗೆ ಮತ್ತೆ ಕೋರ್ಟಿನ ಆಸೆ ಹುಟ್ಟುವುದುಂಟು. ದಾರಿ ಮುಚ್ಚಿಲ್ಲ. ನೌಕರಿ ಸೇರುವಾಗ ಒಪ್ಪಿಸಿದ ಮೂಲ ಸನ್ನದನ್ನು ಮರಳಿ ಪಡೆಯಲು ಪ್ರಮಾಣಪತ್ರದೊಡನೆ ಅರ್ಜಿ ಸಲ್ಲಿಸಿ, ನಡುವಿನ ಅವಧಿಯಲ್ಲಿ ಯಾವ ಅನರ್ಹತೆಯೂ ತಗುಲಿಲ್ಲವೆಂದು ತಿಳಿಸಬೇಕು. ಆದರೆ ಜಿಲ್ಲಾ ನ್ಯಾಯಾಧೀಶ ಹುದ್ದೆಗೆ ಸಂವಿಧಾನದ 233ನೆಯ ವಿಧಿ ಕೇಳುವ ಏಳು ವರ್ಷಗಳ ವಕೀಲಿಗೆ ಕಂಪನಿಯ ವರ್ಷಗಳು ಸೇರುವುದಿಲ್ಲ. ಇಪ್ಪತ್ತೈದರ ಕಿರಿಯರೊಡನೆ ಬೆಂಚಿನ ಕೊನೆಯಲ್ಲಿ ಕೂತು ಲೆಕ್ಕವನ್ನು ಹೊಸದಾಗಿ ಆರಂಭಿಸಬೇಕು. ತಮಿಳುನಾಡಿನಲ್ಲಿ ನೋಂದಾಯಿಸಿಕೊಂಡವರ ಆ ಅರ್ಜಿಯನ್ನು ಸ್ವೀಕರಿಸುವ ಬಾರ್ ಕೌನ್ಸಿಲ್ ಕಚೇರಿ ಶೋಳಿಂಗನಲ್ಲೂರಿನಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ, ಮದರಾಸು ಹೈಕೋರ್ಟಿನ ಕೆಂಪು ಕಟ್ಟಡಗಳ ಆವರಣದಲ್ಲಿದೆ.